ಹ್ಯಾಂಡಲ್ಲಿಗೊಂದು ಚೀಲ

ಬೈಸಿಕಲ್ಲು ಕೊಳ್ಳುವಾಗ ನಾವು ನಾಲ್ಕು ಅಂಗಡಿ ತಿರುಗುತ್ತೇವೆ, ಬಲ್ಲವರನ್ನು ಕೇಳುತ್ತೇವೆ, ಗಂಟೆ ಬಾರಿಸಿ, ಗಾಲಿ ತಿರುವಿ, ಬ್ರೇಕು ಹಿಡಿದು ನೋಡುತ್ತೇವೆ. ಅದೇ ಬೈಸಿಕಲ್ಲಿಗೆ ಚೀಲವೊಂದನ್ನು ತೂಗುಹಾಕುವಾಗ ಮಾತ್ರ ಯಾರನ್ನೂ ಕೇಳುವ ಗೋಜಿಗೆ ಹೋಗುವುದಿಲ್ಲ. ಮನೆಯಲ್ಲಿ ಕೈಗೆ ಸಿಕ್ಕ ಯಾವುದೋ ಒಂದು ಚೀಲ, ಅದಕ್ಕೆ ಎರಡು ಕಿವಿ, ಹ್ಯಾಂಡಲ್ಲಿಗೆ ಹೇಗೂ ಎರಡು ತುದಿ! ಅಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಹ್ಯಾಂಡಲ್ಲು ಗೋಡೆಯ ಗೂಟವಲ್ಲ. ಅದು ಬೈಸಿಕಲ್ಲಿನ ಚುಕ್ಕಾಣಿ. ಚುಕ್ಕಾಣಿಗೆ ಏನನ್ನು ಕಟ್ಟಬೇಕು, ಎಷ್ಟು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬ ವಿಚಾರ ಮೇಲುನೋಟಕ್ಕೆ ಅಲ್ಪವೆಂದು ತೋರಿದರೂ, ಕೆಲವೊಮ್ಮೆ ಹಲ್ಲು, ಮೊಣಕೈ, ಮುಂಗೈಗಳ ಕ್ಷೇಮವು ಅದನ್ನೇ ಅವಲಂಬಿಸಿರುತ್ತದೆ.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮೋಟಾರು ಬೈಕುಗಳು ಬಹಳವಾಗಿ ಹೆಚ್ಚಿವೆ, ನಿಜ. ಆದರೂ ಬೈಸಿಕಲ್ಲು ಊರು ಬಿಟ್ಟು ಹೋಗಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಸುತ್ತಿನ ದಾರಿಗಳಲ್ಲಿ ಬೆಳಗಿನ ಹೊತ್ತು ನಿಂತು ನೋಡಿರಿ: ಹೊಲಕ್ಕೆ ಬುತ್ತಿ ಒಯ್ಯುವವರು, ಹಾಲಿನ ಕ್ಯಾನು ತೂಗಿಸಿಕೊಂಡು ಬರುವವರು, ಶಾಲೆಗೆ ಹೊರಟ ಮಕ್ಕಳು. ಈ ಮಕ್ಕಳ ಕೈಗೆ ಬೈಸಿಕಲ್ಲು ಬಂದುದಕ್ಕೆ ಒಂದು ಚರಿತ್ರೆಯಿದೆ. 2006-07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಮರುವರ್ಷ ಅದು ಗಂಡುಮಕ್ಕಳಿಗೂ ವಿಸ್ತರಿಸಿತು. ಹೈಸ್ಕೂಲು ಇಲ್ಲದ ಊರಿನ ಎಷ್ಟೋ ಬಾಲಕಿಯರು ಓದು ಮುಂದುವರಿಸುವುದಕ್ಕೆ ಎರಡು ಗಾಲಿಗಳ ಈ ವಾಹನ ನೆರವಾಯಿತು. ಬೈಸಿಕಲ್ಲಿನೊಡನೆ ಪಾಟಿಚೀಲವೂ ಬಂದಿತು. ಪಾಟಿಚೀಲದೊಡನೆ, ಅದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಯೂ ಬಂದಿತು.

ತೂಗುವ ಚೀಲದ ಕುತ್ತು

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದುದು. ತೊಟ್ಟಿಲು ತೂಗಿದರೆ ಚೆಂದ. ಹ್ಯಾಂಡಲ್ಲಿನ ಚೀಲ ತೂಗಿದರೆ ಕುತ್ತು. ಒಂದು ತುದಿಗೆ ಜೋತುಬಿದ್ದ ಚೀಲವು ಹ್ಯಾಂಡಲ್ಲನ್ನು ಸದಾ ತನ್ನ ಕಡೆಗೆ ಎಳೆಯುತ್ತಿರುತ್ತದೆ. ಸವಾರನು ತನಗರಿವಿಲ್ಲದೆಯೇ ಇನ್ನೊಂದು ಕಡೆಗೆ ಒತ್ತುತ್ತಿರುತ್ತಾನೆ. ದಾರಿ ಸಮವಾಗಿರುವವರೆಗೆ ಈ ಜಗ್ಗಾಟ ಗೊತ್ತಾಗದು. ತಗ್ಗೊಂದು ಎದುರಾಗಿ ಹ್ಯಾಂಡಲ್ಲನ್ನು ಥಟ್ಟನೆ ತಿರುಗಿಸಿದಾಗ ಚೀಲವೂ ಓಲಾಡಿ ಗಾಲಿಯತ್ತ ಬರುತ್ತದೆ. ಅದರ ತುದಿಯೋ ದಾರವೋ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿತೆಂದರೆ ಮುಂಗಾಲಿ ನಿಂತುಬಿಡುತ್ತದೆ. ಬೈಸಿಕಲ್ಲಿನ ಉಳಿದ ಭಾಗವೂ ಅದರ ಮೇಲಿನ ಮನುಷ್ಯನೂ ನಿಲ್ಲುವುದಿಲ್ಲ. ಹಿಂಗಾಲಿ ಹಠಾತ್ತನೆ ನಿಂತರೆ ಸಾಮಾನ್ಯವಾಗಿ ಬೈಸಿಕಲ್ಲು ಜಾರುತ್ತದೆ, ಅಷ್ಟೆ. ಮುಂಗಾಲಿ ನಿಂತರೆ ಸವಾರನು ಹ್ಯಾಂಡಲ್ಲಿನ ಮೇಲಿನಿಂದ ತಲೆಕೆಳಗಾಗಿ ಬೀಳುತ್ತಾನೆ. ಈ ವ್ಯತ್ಯಾಸವನ್ನು ಮನೆಯ ಹಿರಿಯರು ಮಕ್ಕಳಿಗೆ ಒಮ್ಮೆಯಾದರೂ ವಿವರಿಸಿ ಹೇಳುವುದು ಒಳ್ಳೆಯದು.

ಹಾಗಾದರೆ ಹ್ಯಾಂಡಲ್ಲಿಗೆ ಚೀಲವೇ ಬೇಡವೆ? ಬೇಕು. ಹಿಂದಿನ ಕ್ಯಾರಿಯರಿನಲ್ಲಿ ಕಟ್ಟಿದ ವಸ್ತು ದಾರಿಯಲ್ಲಿ ಇದ್ದೂ ಇಲ್ಲದಂತೆ. ನೀರಡಿಸಿದರೆ, ಮಳೆ ಹನಿದರೆ, ಚೀಟಿಯೊಂದನ್ನು ತೋರಿಸಬೇಕಾದರೆ ಇಳಿದು, ಸ್ಟ್ಯಾಂಡು ಹಾಕಿ, ಹಗ್ಗ ಬಿಚ್ಚಬೇಕು. ಕಣ್ಣ ಮುಂದೆಯೇ, ಕೈಯಳತೆಯಲ್ಲಿಯೇ ಇರಬೇಕಾದ ಕೆಲವು ಪದಾರ್ಥಗಳುಂಟು. ಅವುಗಳಿಗೆ ಮಾತ್ರ ಹ್ಯಾಂಡಲ್ಲಿನ ಚೀಲ. ಮಿಕ್ಕುದೆಲ್ಲ ಹಿಂದಕ್ಕೆ. ಆಯ್ಕೆಯ ಮೊದಲ ಸೂತ್ರ ಇದೇ: ಯಾವ ಚೀಲ ಎಂದು ಕೇಳುವ ಮೊದಲು ಯಾವ ವಸ್ತು ಎಂದು ಕೇಳಿಕೊಳ್ಳಬೇಕು.

ತೂಕದ ಲೆಕ್ಕವೂ ಇಲ್ಲಿಯೇ ಬರುತ್ತದೆ. ಒಂದು ಲೀಟರು ನೀರೆಂದರೆ ಒಂದು ಕಿಲೋ. ಅದರೊಡನೆ ಬುತ್ತಿ, ಮಳೆಯಂಗಿ, ಪಂಕ್ಚರಿನ ಸಾಮಾನು, ಹಣದ ಪಾಕೀಟು, ಮೊಬೈಲು ಸೇರಿದರೆ ಎರಡು ಕಿಲೋ ಆಯಿತು. ಹ್ಯಾಂಡಲ್ಲಿಗೆ ಅದು ಸಾಕು. ಹೆಚ್ಚೆಂದರೆ ಮೂರು ಕಿಲೋ. ಪಾಟಿಚೀಲದ ಮಾತೇ ಬೇರೆ. 2019ರಲ್ಲಿ ಕರ್ನಾಟಕ ಸರ್ಕಾರವು ಶಾಲಾ ಚೀಲಗಳ ತೂಕಕ್ಕೆ ಮಿತಿ ಹಾಕಿದಾಗ 9 ಮತ್ತು 10ನೆಯ ತರಗತಿಗಳಿಗೆ 4ರಿಂದ 5 ಕಿಲೋ ಎಂದು ಗೊತ್ತುಮಾಡಿತು. ಮಿತಿಯೊಳಗಿನ ಚೀಲವೇ ಇಷ್ಟು ಭಾರವಾದ ಮೇಲೆ ಅದನ್ನು ಹ್ಯಾಂಡಲ್ಲಿನ ಒಂದು ತುದಿಗೆ ಜೋತುಹಾಕುವುದು ಸರ್ವಥಾ ಸಲ್ಲದು. ಅದರ ಸ್ಥಾನ ಹಿಂದಿನ ಕ್ಯಾರಿಯರು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಹಾಸಿಗೆಗೆ ಮಾತ್ರ ಸಲ್ಲುವುದಲ್ಲ; ಚೀಲಕ್ಕೂ ಸಲ್ಲುತ್ತದೆ.

ಹಿರಿಯರ ಚಂಚಿ

ಕೈಗೆ ಸುಲಭವಾಗಿ ಸಿಗುವ ಚೀಲ ಹೇಗಿರಬೇಕೆಂದು ತಿಳಿಯುವುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕಡೆಯ ಹಿರಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆಯ ಚಂಚಿಯನ್ನು ನೆನೆಯಿರಿ. ಅದರಲ್ಲಿ ಎಲೆಗೊಂದು ಅರೆ, ಅಡಿಕೆಗೊಂದು ಅರೆ, ತಂಬಾಕಿಗೆ ಮತ್ತೊಂದು, ಸುಣ್ಣದ ಡಬ್ಬಿಗೆ ಇನ್ನೊಂದು. ದಾರವನ್ನು ಜಗ್ಗಿದರೆ ಬಾಯಿ ಬಿಗಿಯುತ್ತದೆ, ಸಡಿಲಿಸಿದರೆ ತೆರೆಯುತ್ತದೆ. ಕತ್ತಲೆಯಲ್ಲಿಯೂ, ಮಾತಿನ ಭರದಲ್ಲಿಯೂ, ಕಣ್ಣಿನಿಂದ ನೋಡದೆಯೇ ಅಜ್ಜನ ಬೆರಳು ಸುಣ್ಣದ ಡಬ್ಬಿಯನ್ನೇ ಮುಟ್ಟುತ್ತಿತ್ತು. ಹಳಗನ್ನಡದಲ್ಲಿ ಇಂಥ ಎಲೆಯಡಿಕೆಯ ಚೀಲಕ್ಕೆ ಹಡಪವೆಂದು ಹೆಸರು. ಅದನ್ನು ಹಿಡಿದು ಒಡೆಯನ ಬಳಿ ನಿಲ್ಲುವವನು ಹಡಪಿಗ. ಬಸವಣ್ಣನವರ ಕಾಲದ ಹಡಪದ ಅಪ್ಪಣ್ಣನವರ ಹೆಸರಿನಲ್ಲಿ ಆ ಮಾತು ಇಂದಿಗೂ ಉಳಿದಿದೆ. ಕೇಳಿದೊಡನೆ ಕೈಗೆ ಕೊಡುವುದು ಒಂದು ಕಾಲಕ್ಕೆ ಒಬ್ಬ ಮನುಷ್ಯನ ಉದ್ಯೋಗವೇ ಆಗಿದ್ದಿತು. ಆ ಉದ್ಯೋಗವನ್ನೇ ಹ್ಯಾಂಡಲ್ಲಿನ ಚೀಲ ಮಾಡಬೇಕು.

ಬೈಸಿಕಲ್ಲಿನ ಸವಾರನ ಕಣ್ಣು ದಾರಿಯ ಮೇಲಿರಬೇಕು. ಆದುದರಿಂದ ಚೀಲದ ಒಳಗು ಕೈಗೆ ತಿಳಿಯುವಂತಿರಬೇಕು. ಒಂದೇ ದೊಡ್ಡ ಹೊಟ್ಟೆಯ ಚೀಲಕ್ಕಿಂತ ಎರಡು ಮೂರು ಅರೆಗಳ ಚೀಲ ಉತ್ತಮ. ಮುಚ್ಚಳದ ಕೀಲು ಮುಂದೆ, ಗಾಲಿಯ ಕಡೆಗಿದ್ದು, ಬಾಯಿ ಸವಾರನ ಕಡೆಗೆ ತೆರೆಯಬೇಕು. ಆಗ ಮುಚ್ಚಳವನ್ನು ಆಚೆಗೆ ತಳ್ಳಿದರೆ ಸಾಕು, ಕೈ ನೇರವಾಗಿ ಒಳಗಿಳಿಯುತ್ತದೆ. ಕೀಲು ಸವಾರನ ಕಡೆಗಿದ್ದರೆ ಮುಚ್ಚಳವೇ ಕೈಗೆ ಅಡ್ಡ ಬರುತ್ತದೆ. ಜಿಪ್ಪಿಗಿಂತ ಒಂದೇ ಕೈಯಿಂದ ಬಿಡಿಸಬಹುದಾದ ಗುಂಡಿ ಅಥವಾ ಪಟ್ಟಿ ಮೇಲು. ಜಿಪ್ಪು ಎಳೆಯುವುದಕ್ಕೆ ಹೆಚ್ಚಾಗಿ ಎರಡು ಕೈಗಳೂ ಬೇಕಾಗುತ್ತವೆ, ಧೂಳು ಸೇರಿದರೆ ಅದು ಕಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಅನುಕೂಲವಿದ್ದರೂ ಜನಸಂದಣಿಯಲ್ಲಿ, ಇಳಿಜಾರಿನಲ್ಲಿ ಚೀಲಕ್ಕೆ ಕೈ ಹಾಕಬಾರದು. ಅಲ್ಲಿ ಒಂದು ಕಾಲನ್ನು ನೆಲಕ್ಕೆ ಊರಿ ನಿಂತು ತೆಗೆದುಕೊಳ್ಳುವುದೇ ವಿವೇಕ.

ದೂರದ ಫ್ರಾನ್ಸಿನವರೂ ಇದೇ ತೀರ್ಮಾನಕ್ಕೆ ಬಂದಿದ್ದಾರೆ. ಅಲ್ಲಿ 1891ರಲ್ಲಿ ಪ್ಯಾರಿಸಿನಿಂದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಮರಳಿ ಬರುವ, ಸುಮಾರು 1200 ಕಿಲೋಮೀಟರುಗಳ ಬೈಸಿಕಲ್ ಸ್ಪರ್ಧೆ ಮೊದಲಾಯಿತು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹವ್ಯಾಸಿಗಳ ಸವಾರಿ. ಮುಗಿಸಲು ಗರಿಷ್ಠ ಅವಧಿ 90 ಗಂಟೆ. ಗಡಿಯಾರದೊಡನೆ ಓಡುವ ಇಂಥ ಸವಾರಿಗಳಲ್ಲಿ ತಿನಿಸಿಗಾಗಿ ಪದೇ ಪದೇ ಇಳಿಯಲು ವೇಳೆಯಿರುವುದಿಲ್ಲ. ಅದಕ್ಕೆಂದೇ ಅಲ್ಲಿನ ಕಸುಬುದಾರರು ಗಟ್ಟಿ ಬಟ್ಟೆಯ ಚೌಕಾಕಾರದ ಚೀಲವೊಂದನ್ನು ರೂಢಿಗೆ ತಂದರು. ಅದು ಮುಂಗಾಲಿಯ ಮೇಲಿನ ಸಣ್ಣ ಕ್ಯಾರಿಯರಿನಲ್ಲಿ ಕುಳಿತಿರುತ್ತದೆ, ಹ್ಯಾಂಡಲ್ಲಿನಿಂದ ಜೋತುಬಿದ್ದಿರುವುದಿಲ್ಲ. ಬಾಯಿ ಸವಾರನ ಕಡೆಗೆ. ಮೇಲೆ ದಾರಿಯ ನಕ್ಷೆಗೆ ಪಾರದರ್ಶಕವಾದ ಒಂದು ಕಿಸೆ. ನಮ್ಮ ಚಂಚಿಯ ತತ್ತ್ವವೇ ಅಲ್ಲಿ ಗಾಲಿಯೇರಿದೆ ಎನ್ನಬಹುದು.

ನಮ್ಮ ನೆಲ, ನಮ್ಮ ಬೈಸಿಕಲ್ಲು

ಆದರೆ ಪರದೇಶದ ಚೀಲವನ್ನು ಹಾಗೆಯೇ ತಂದು ನಮ್ಮ ಬೈಸಿಕಲ್ಲಿಗೆ ಕಟ್ಟಿದರೆ ಒಂದು ತೊಡಕಿದೆ. ಹಳ್ಳಿಗಳಲ್ಲಿ ಇನ್ನೂ ಕಾಣುವ 28 ಅಂಗುಲ ಗಾಲಿಯ ಕರಿಯ ಬೈಸಿಕಲ್ಲುಗಳಿಗೆ ತಂತಿಯ ಬ್ರೇಕಿಲ್ಲ, ಕಬ್ಬಿಣದ ಸರಳಿನ ಬ್ರೇಕು. ಹ್ಯಾಂಡಲ್ಲಿನ ಅಡಿಯಲ್ಲಿ ಅದಕ್ಕೆ ಸಮಾನಾಂತರವಾಗಿರುವ ಹಿಡಿಯನ್ನು ಮೇಲಕ್ಕೆ ಎತ್ತಿದಾಗ ಸರಳು ಮೇಲೆ ಬಂದು ರಬ್ಬರು ರಿಮ್ಮಿಗೆ ತಾಗುತ್ತದೆ. ಅಂಗಡಿಯ ಹೊಸ ಚೀಲದ ಪಟ್ಟಿಯನ್ನು ಹ್ಯಾಂಡಲ್ಲಿಗೆ ಬಿಗಿಯಾಗಿ ಸುತ್ತುವಾಗ ಈ ಹಿಡಿಯೂ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಆಗ ಬ್ರೇಕು ಸದಾ ಹಿಡಿದಂತಿರುತ್ತದೆ, ಇಲ್ಲವೆ ಬೇಕಾದಾಗ ಹಿಡಿಯುವುದೇ ಇಲ್ಲ. ಸರಳಿನ ಬ್ರೇಕಿನ ಬೈಸಿಕಲ್ಲಿಗೆ ಪಟ್ಟಿಯು ಹ್ಯಾಂಡಲ್ಲಿನ ನಟ್ಟನಡುವೆ, ಚಲಿಸುವ ಸರಳುಗಳನ್ನು ಬಿಟ್ಟು ಬರಬೇಕು. ಹಿಂದೆ ದೀಪ ಸಿಕ್ಕಿಸುತ್ತಿದ್ದ ಕೊಂಡಿಯೊಂದು ಹಳೆಯ ಬೈಸಿಕಲ್ಲುಗಳ ಮುಂಭಾಗದಲ್ಲಿ ಬರಿದಾಗಿ ಉಳಿದಿರುತ್ತದೆ. ಹಗುರವಾದ ಚೀಲಕ್ಕೆ ಅದೂ ಒಂದು ಆಧಾರವಾದೀತು. ತಂತಿಯ ಬ್ರೇಕಿನ ಹೊಸ ಬೈಸಿಕಲ್ಲುಗಳಲ್ಲಿ ಚೀಲವು ತಂತಿಯನ್ನು ಒತ್ತಿ ಬಗ್ಗಿಸದಂತೆ ನೋಡಿಕೊಳ್ಳಬೇಕು.

ಇನ್ನು ನೆಲದ ಗುಣ. ಒಂದೇ ಜಿಲ್ಲೆಯಾದರೂ ಧಾರವಾಡದ ನೆಲ ಒಂದೇ ಬಗೆಯದಲ್ಲ. ನವಲಗುಂದ, ಅಣ್ಣಿಗೇರಿಗಳದು ಎರೆಯ ಬಯಲು. ಬೇಸಿಗೆಯಲ್ಲಿ ನೆಲ ಬಿರಿದು ಧೂಳೇಳುತ್ತದೆ; ಮಳೆಯಾದೊಡನೆ ಅದೇ ನೆಲ ಅಂಟಾದ ರಾಡಿಯಾಗುತ್ತದೆ. ಮಡ್ಗಾರ್ಡಿಗೂ ಗಾಲಿಗೂ ನಡುವೆ ರಾಡಿ ತುಂಬಿಕೊಂಡರೆ ಬೈಸಿಕಲ್ಲು ತಳ್ಳಿದರೂ ಸರಿಯದು. ಕಡ್ಡಿಯಿಂದ ಕೆದರಿ ತೆಗೆಯಬೇಕು, ಇಲ್ಲವೆ ಬೈಸಿಕಲ್ಲನ್ನೇ ಹೆಗಲಿಗೇರಿಸಿ ನಡೆಯಬೇಕು. ಅಲ್ಲಿಯ ಸವಾರನಿಗೆ ಕ್ಷಣದಲ್ಲಿ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳಬಹುದಾದ ಚೀಲ ಬೇಕು. ಅದು ಗಾಲಿಯಿಂದ ಸಾಕಷ್ಟು ಮೇಲಿರಬೇಕು. ಕೆಳಭಾಗ ತೊಳೆಯಲು ಬರುವಂತಿರಬೇಕು.

ಕಲಘಟಗಿಯ ಕಡೆಗೆ ಹೋದರೆ ಮಲೆನಾಡಿನ ಸೆರಗು. ಏರು, ಇಳಿವು, ಬಿಡದೆ ಸುರಿಯುವ ಮಳೆ. ಅಲ್ಲಿ ನೀರಿಳಿಯದ ಬಟ್ಟೆಯೂ ಮೇಲಿನಿಂದ ಎರಡು ಬದಿಗೂ ಇಳಿದು ಮುಚ್ಚುವ ಮುಚ್ಚಳವೂ ಮುಖ್ಯ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಮುಂದಿನ ಚೀಲ ಹಗುರವಾಗಿರಬೇಕಾದುದು ಅಲ್ಲಿ ಇನ್ನೂ ಅಗತ್ಯ. ಕುಂದಗೋಳದ ಕಡೆ ಮೆಣಸಿನಕಾಯಿಯ ಕಾಲದಲ್ಲಿ ಚೀಲದ ಬಾಯಿ ಬಿಗಿಯಾಗಿ ಮುಚ್ಚಿರಬೇಕೆಂಬುದನ್ನು ಆ ಘಾಟನ್ನು ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ.

ಹೊಲಿಸುವ ಬಗೆ

ಪೇಟೆಯಲ್ಲಿ ಸಿದ್ಧವಾದ ಚೀಲಗಳು ದೊರೆಯುತ್ತವೆ. ಆದರೆ ನಮ್ಮ ಊರಿನಲ್ಲಿಯೇ ಹೊಲಿಸಿಕೊಳ್ಳುವುದು ಸುಲಭ. ಮೋಟಾರು ಬೈಕಿನ ಸೀಟು ಹೊಲಿಯುವವರ ಬಳಿ ರೆಕ್ಸಿನ್, ದಪ್ಪ ದಾರ, ಪಟ್ಟಿ, ಬಕಲು ಎಲ್ಲವೂ ಇರುತ್ತವೆ. ಹಳೆಯ ತಾಡಪತ್ರಿಯ ಗಟ್ಟಿಯಾದ ತುಂಡೂ ಆದೀತು. ಅಳತೆ ಹೀಗಿರಲಿ: ಅಗಲ 10 ಅಂಗುಲ, ಎತ್ತರ 7 ಅಂಗುಲ, ದಪ್ಪ 5 ಅಂಗುಲ. ಇದರಲ್ಲಿ ಐದೂವರೆ ಲೀಟರಿಗಿಂತ ತುಸು ಹೆಚ್ಚು ಹಿಡಿಸುತ್ತದೆ. ಎರಡು ಕೈಗಳ ನಡುವೆ ಇಕ್ಕಟ್ಟಿಲ್ಲದೆ ಕೂಡುತ್ತದೆ. ತಳಕ್ಕೂ ಬೆನ್ನಿಗೂ ಗಟ್ಟಿಯಾದ ಪ್ಲಾಸ್ಟಿಕ್ ಹಾಳೆ ಸೇರಿಸಿ ಹೊಲಿಸಿದರೆ ಚೀಲ ಜೋಲುವುದಿಲ್ಲ. ಮೇಲೆ ಎರಡು ಪಟ್ಟಿ ಹ್ಯಾಂಡಲ್ಲಿಗೆ. ಕೆಳಗೆ ಒಂದು ಪಟ್ಟಿ, ಹ್ಯಾಂಡಲ್ಲಿನ ಅಡಿಗೆ ಕಂಪನಿಯ ಬಿಲ್ಲೆ ಅಂಟಿಸಿರುವ ಕೊಳವೆಗೆ. ಈ ಮೂರನೆಯ ಪಟ್ಟಿಯೇ ಚೀಲವನ್ನು ಓಲಾಡದಂತೆ ಹಿಡಿಯುವುದು. ಇದಿಲ್ಲದ ಚೀಲ ಎಷ್ಟು ಅಂದವಾಗಿದ್ದರೂ ಕೊಳ್ಳಬೇಡಿರಿ.

ಕಟ್ಟಿದ ಮೇಲೆ ಪರೀಕ್ಷೆ. ನಿಂತಲ್ಲಿಯೇ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿರಿ: ಚೀಲ ಎಲ್ಲಿಯೂ ತಡೆಯಬಾರದು, ಕೆಳಗಿನ ಪಟ್ಟಿ ಹ್ಯಾಂಡಲ್ಲನ್ನು ಎಳೆಯಬಾರದು. ಎರಡು ಬ್ರೇಕುಗಳನ್ನೂ ಹಿಡಿದು ಬಿಡಿರಿ, ಗಂಟೆ ಬಾರಿಸಿರಿ. ಸಾಮಾನು ತುಂಬಿ ಮುಂಗಾಲಿಯನ್ನು ಗೇಣುದ್ದ ಎತ್ತಿ ಬಿಡಿರಿ: ಚೀಲ ಕುಪ್ಪಳಿಸಬಾರದು. ಚೀಲದ ತಳಕ್ಕೂ ಮಡ್ಗಾರ್ಡಿಗೂ ನಡುವೆ ನಾಲ್ಕು ಬೆರಳು ಅಡ್ಡಲಾಗಿ ಹಿಡಿಸಬೇಕು. ದೀಪವಿದ್ದರೆ ಅದರ ಬೆಳಕು ಮರೆಯಾಗಬಾರದು. ಪಟ್ಟಿಗಳ ಉಳಿದ ತುದಿಗಳನ್ನು ಒಳಕ್ಕೆ ಸಿಕ್ಕಿಸಬೇಕು. ಗಾಲಿಗೆ ಸಿಕ್ಕುವುದು ಅನೇಕ ಸಲ ಚೀಲವಲ್ಲ, ಜೋತುಬಿದ್ದ ಆ ಒಂದು ಗೇಣು ಪಟ್ಟಿ.

ಇದೆಲ್ಲಕ್ಕೂ ಬೇಕಾಗುವುದು ಹತ್ತು ನಿಮಿಷ. ನಗರದಲ್ಲಿ ಆರೋಗ್ಯಕ್ಕಾಗಿ ಬೆಳಗಿನ ಸವಾರಿ ಹೊರಡುವವರಿಗೂ, ಎರೆಯ ಹಾದಿಯಲ್ಲಿ ಐದಾರು ಕಿಲೋಮೀಟರು ತುಳಿದು ಶಾಲೆಗೆ ಹೋಗುವ ಬಾಲಕಿಗೂ ಲೆಕ್ಕ ಒಂದೇ. ನಾಳೆ ಬೆಳಿಗ್ಗೆ ನಿಮ್ಮ ಮನೆಯ ಮಕ್ಕಳು ಬೈಸಿಕಲ್ಲು ಹತ್ತುವ ಮುನ್ನ ಹ್ಯಾಂಡಲ್ಲಿನತ್ತ ಒಮ್ಮೆ ದೃಷ್ಟಿ ಹಾಯಿಸಿರಿ. ಒಂದು ತುದಿಗೆ ಚೀಲ ತೂಗುತ್ತಿದ್ದರೆ ಅದನ್ನು ತೆಗೆದು ಹಿಂದಿನ ಕ್ಯಾರಿಯರಿಗೆ ಕಟ್ಟಿಕೊಡಿರಿ. ಹೊಸ ಚೀಲ ಹೊಲಿಸುವುದು ಆಮೇಲಾದರೂ ಆದೀತು. ಈ ಕೆಲಸ ಮಾತ್ರ ನಾಳೆಯೇ ಆಗಲಿ.