ಗಾಗಲ್ಸ್ ಹಾಕಿದ ಮೇಲೆ ಎಡವೇ ಎಡ, ಬಲವೇ ಬಲ

ಮೈಸೂರಿನ ಸರಸ್ವತಿಪುರಂನ ಆ ಹಳೆಯ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಮೊದಲು ಫ್ಯಾನ್ ಆರಿಸುತ್ತಾರೆ. ಆಮೇಲೆ ಸೋಫಾ ಗೋಡೆಗೆ ಸರಿಯುತ್ತದೆ, ಊಟದ ಕುರ್ಚಿಗಳು ಹಜಾರದ ನಡುವೆ ಸಾಲಾಗಿ ನಿಲ್ಲುತ್ತವೆ. ಆ ಕುರ್ಚಿಗಳ ಕಾಲಸಂದಿಯಲ್ಲಿ ನುಸುಳಿ ಹೋಗಬೇಕಾದ ಡ್ರೋನ್ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಮೋಟಾರಿನಿಂದ ಮೋಟಾರಿಗೆ 65 ಮಿಲಿಮೀಟರ್, ರೆಕ್ಕೆಗಳ ಸುತ್ತ ಪ್ಲಾಸ್ಟಿಕ್ ಬಳೆ. ಮೂಗಿನ ಮೇಲೆ ಕಾಳಿನಷ್ಟು ಕ್ಯಾಮೆರಾ.

ಮನೆಯ ಯಜಮಾನರು ಭೌತವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಓಣಿಯ ಮಕ್ಕಳಿಗೆಲ್ಲ ತಾತ. ಡ್ರೋನಿನ ಕ್ಯಾಮೆರಾ ಕಂಡದ್ದನ್ನು ಕಣ್ಣಿಗೆ ಕಟ್ಟಿದ ಗಾಗಲ್ಸ್‌ನಲ್ಲಿ ನೋಡುತ್ತ ಹಾರಿಸುವ ಎಫ್‌ಪಿವಿ ವಿದ್ಯೆಯನ್ನು ಅವರು ಹೊಸಬರಿಗೆ ಮೊದಲ ದಿನದಿಂದಲೇ ಹೇಳಿಕೊಡುತ್ತಾರೆ. ಈ ಹವ್ಯಾಸದ ಹಿರಿಯರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಮೊದಲು ಬರಿಗಣ್ಣಿಗೆ ಕಾಣುವಂತೆ ಹಾರಿಸಿ ಕೈ ಪಳಗಲಿ, ಗಾಗಲ್ಸ್ ಆಮೇಲೆ ಎನ್ನುವುದು ಅವರ ವಾದ. ಮಕ್ಕಳು ಕಲಿಯುವುದನ್ನು ಹತ್ತಿರದಿಂದ ನೋಡಿದ ನನಗೆ ಮೇಷ್ಟ್ರ ದಾರಿಯೇ ಸರಿ ಅನಿಸಿದೆ.

ಕಾರಣ ಸರಳ. ದೂರದಲ್ಲಿ ನಿಂತು ನೋಡುವಾಗ ಡ್ರೋನ್ ನಮ್ಮತ್ತ ಮುಖ ತಿರುಗಿಸಿತೆಂದರೆ ಎಡ ಬಲ ಅದಲುಬದಲು. ಬಲಕ್ಕೆ ತಳ್ಳಿದರೆ ಎಡಕ್ಕೆ ಓಡುತ್ತದೆ. ಹೊಸಬರು ಡ್ರೋನನ್ನು ಗೋಡೆಗೆ ಬಡಿಯುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಗಾಗಲ್ಸ್ ಹಾಕಿದವರಿಗೆ ಈ ಗೊಂದಲವಿಲ್ಲ, ಏಕೆಂದರೆ ಅವರು ಕೂತಿರುವುದು ಡ್ರೋನಿನೊಳಗೆ.

ಕಷ್ಟ ಇರುವುದು ಬೇರೆ ಕಡೆ. ಪೇಟೆಯಲ್ಲಿ ಸಿಗುವ ಫೋಟೊ ಡ್ರೋನ್‌ಗಳಲ್ಲಿ ಸ್ಟಿಕ್ ಬಿಟ್ಟರೆ ಯಂತ್ರ ತಾನೇ ಸಮವಾಗಿ ನಿಲ್ಲುತ್ತದೆ. ಎಫ್‌ಪಿವಿಯವರು ಬಳಸುವ ಆಕ್ರೋ ಮೋಡ್‌ನಲ್ಲಿ ಹಾಗಲ್ಲ; ಮುಂದಕ್ಕೆ ಬಾಗಿಸಿ ಸ್ಟಿಕ್ ಬಿಟ್ಟರೆ ಅದು ಬಾಗಿಯೇ ಇರುತ್ತದೆ, ಎದುರು ದಿಕ್ಕಿಗೆ ತಳ್ಳಿ ನಾವೇ ನೆಟ್ಟಗೆ ಮಾಡಬೇಕು. ಬಾಗಿದಷ್ಟೂ ಎತ್ತರ ಇಳಿಯುವುದರಿಂದ ಎಡಗೈ ಹೆಬ್ಬೆರಳು ಥ್ರಾಟಲ್ಲನ್ನು ಕೂದಲೆಳೆಯಷ್ಟು ಏರಿಸುತ್ತ ಇಳಿಸುತ್ತ ಇರಬೇಕು. ತುಂಬಿದ ಕೊಡ ಹೊತ್ತು ನಡೆಯುವವರ ಕತ್ತಿನ ಹಾಗೆ ಬೆರಳಿಗೆ ಬಿಡುವೇ ಇಲ್ಲ. ಇದರ ಮೇಲೆ ಕ್ಯಾಮೆರಾವನ್ನು ಬೇಕೆಂದೇ ಮೇಲ್ಮುಖವಾಗಿ ಕೂರಿಸಿರುತ್ತಾರೆ. ಡ್ರೋನ್ ಮುಂದಕ್ಕೆ ಬಾಗಿ ಓಡುವಾಗ ದಾರಿ ನೇರ ಕಾಣಲಿ ಎಂದು. ರೇಸ್ ಓಡಿಸುವವರು 40 ಡಿಗ್ರಿಯವರೆಗೂ ಎತ್ತಿಕೊಳ್ಳುತ್ತಾರೆ. ಇಲ್ಲಿನ ಮಕ್ಕಳಿಗೆ ಹತ್ತು ಹದಿನೈದು ಡಿಗ್ರಿಯೇ ಸಾಕು.

ಹಾಗಾಗಿ ಮೇಷ್ಟ್ರು ಮೊದಲು ರಿಮೋಟನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ. ಲಿಫ್ಟ್‌ಆಫ್, ವೆಲೋಸಿಡ್ರೋನ್‌ನಂಥ ಸಿಮ್ಯುಲೇಟರ್‌ಗಳಲ್ಲಿ ಎಷ್ಟು ಸಲ ಬಿದ್ದರೂ ಒಂದು ಗುಂಡಿ ಒತ್ತಿದರೆ ಮತ್ತೆ ಏಳಬಹುದು. ಬೆರಳು ಪಳಗಿದ ಮೇಲೆ ಹಜಾರ. ಕಲಿಯುವವರು ಕುರ್ಚಿಯಲ್ಲಿ ಕೂತೇ ಹಾರಿಸಬೇಕು. ನಿಂತರೆ, ಡ್ರೋನ್ ವಾಲಿದ ಕಡೆಗೆ ಮೈಯೂ ವಾಲುತ್ತದೆ. ಪಕ್ಕದಲ್ಲಿ ಗಾಗಲ್ಸ್ ಇಲ್ಲದ ಜೊತೆಗಾರನೊಬ್ಬ ಇರಲೇಬೇಕು. ಅಮೆರಿಕದಲ್ಲಿ ಗಾಗಲ್ಸ್ ಹಾಕಿ ಹಾರಿಸುವ ಹವ್ಯಾಸಿಗಳಿಗೆ ಈ ಜೊತೆಗಾರ ಕಾನೂನಿನಲ್ಲೇ ಕಡ್ಡಾಯ.

ನಾನು ಹೋದ ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಕುರ್ಚಿಸಾಲು ದಾಟಿಸಿ ಅಡುಗೆಮನೆ ಬಾಗಿಲವರೆಗೆ ಹೋಗಿ ಬಂದಳು.

"ತಾತಾ, ತಲೆ ತಿರುಗ್ತಿದೆ."

"ಇಳಿಸಿ ತೆಗೆದುಬಿಡು ಪುಟ್ಟಿ. ಕಿಟಕಿ ಆಚೆ ಮರ ನೋಡ್ತಾ ಕೂತ್ಕೊ."

"ಇನ್ನೊಂದೇ ಒಂದು ಬ್ಯಾಟರಿ, ತಾತಾ..."

"ಇವತ್ತಿಗೆ ಸಾಕು. ಬ್ಯಾಟರಿ ಎಲ್ಲಿಗೂ ಓಡಿ ಹೋಗಲ್ಲ."

ಒಂದು ಬ್ಯಾಟರಿ ಮೂರ್ನಾಲ್ಕು ನಿಮಿಷದ ಹಾರಾಟ. ತುಂಬಿದಾಗ ಸುಮಾರು 4.2 ವೋಲ್ಟ್, ಗಾಗಲ್ಸ್‌ನ ಮೂಲೆಯ ಅಂಕಿ 3.3ಕ್ಕೆ ಬಂತೆಂದರೆ ಇಳಿಸಲೇಬೇಕು. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕುವಂತಿಲ್ಲ. ಇನ್ನೊಂದು ಕಟ್ಟಪ್ಪಣೆ ಗಾಗಲ್ಸ್‌ನದು: ಕಿಟಕಿ ಬಿಸಿಲಿನಲ್ಲಿ ಮಸೂರ ಮೇಲಾಗಿ ಇಡಕೂಡದು. ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸಿ ಒಳಗಿನ ಪರದೆಯನ್ನೇ ಸುಟ್ಟುಬಿಡುತ್ತದೆ.

ಮೇಷ್ಟ್ರ ಹುಚ್ಚು ಹಳೆಯದು. ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳದ ಕೆಡೆಟ್ ಆಗಿದ್ದಾಗ ಬಾಲ್ಸಾ ಮರದ ವಿಮಾನ ಕಟ್ಟಿದ್ದರು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಇಂಧನದ ವಾಸನೆ ಈಗಲೂ ಮೂಗಿನಲ್ಲಿದೆ ಎನ್ನುತ್ತಾರೆ. 2016ರಲ್ಲಿ ದುಬೈನ ವರ್ಲ್ಡ್ ಡ್ರೋನ್ ಪ್ರಿಯಲ್ಲಿ ಬ್ರಿಟನ್ನಿನ 15 ವರ್ಷದ ಲ್ಯೂಕ್ ಬ್ಯಾನಿಸ್ಟರ್ ಎರಡೂವರೆ ಲಕ್ಷ ಡಾಲರ್ ಗೆದ್ದ ಸುದ್ದಿ ಅವರನ್ನು ಮತ್ತೆ ಎಳೆಯಿತು. ಅದೇ ಸುಮಾರಿಗೆ ಅಮೆರಿಕದ ಜೆಸ್ಸಿ ಪರ್ಕಿನ್ಸ್ ಆಟಿಕೆ ಡ್ರೋನಿಗೆ ಪುಟ್ಟ ಕ್ಯಾಮೆರಾ ಅಂಟಿಸಿ ‘ಟೈನಿ ವೂಪ್’ ಎಂದು ಕರೆದ. ಮನೆಯೊಳಗಿನ ಹಾರಾಟ ಹಬ್ಬಿದ್ದು ಅಲ್ಲಿಂದ.

ಹಿರಿಯರ ವಾದದಲ್ಲಿ ತಿರುಳಿಲ್ಲವೆಂದಲ್ಲ. ಬಯಲಿನಲ್ಲಿ ಮರದ ಹಿಂದೆ ಸರಿದ ಡ್ರೋನಿನ ಚಿತ್ರ ಒಮ್ಮೆಲೇ ಕಡಿದುಹೋಗಬಹುದು. ಐದಿಂಚಿನ ರೆಕ್ಕೆಯ ದೊಡ್ಡ ಡ್ರೋನ್ ಬೆರಳು ಕತ್ತರಿಸಬಲ್ಲದು. ಅದನ್ನು ಹೊಸಬರ ಕೈಗೆ ಕೊಡಲೇಬಾರದು. ಬರಿಗಣ್ಣಿನಲ್ಲಿ ಇಳಿಸುವುದನ್ನೂ ಮೇಷ್ಟ್ರು ಕಲಿಸುತ್ತಾರೆ, ಆದರೆ ಮಗುವಿಗೆ ಹಾರಾಟದ ರುಚಿ ಹತ್ತಿದ ಮೇಲೆ.

ಕಾನೂನು ಚಿಕ್ಕ ಡ್ರೋನ್‌ಗಳ ಕಡೆಗೇ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ವ್ಯಾಪಾರಕ್ಕಲ್ಲದಿದ್ದರೆ 2 ಕೆ.ಜಿ.ವರೆಗೂ ಬೇಡ. ಹೊರಗೆ ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ಎಂದು ನೋಡಿಕೊಳ್ಳಬೇಕು. ತೊಡಕು ಸಾಮಾನಿನದು. 2022ರ ಫೆಬ್ರುವರಿಯಲ್ಲಿ ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ನಿಷೇಧಿಸಿತು, ಬಿಡಿಭಾಗಗಳಿಗೆ ಅಡ್ಡಿಯಿಲ್ಲ. ಮಕ್ಕಳು ಬೆಸುಗೆ ಕಲಿತದ್ದು ಹಾಗೆ. ಆದರೆ ಕೈಜಾರಿದ ಒಂದು ಬೆಸುಗೆಗೆ ಬೋರ್ಡು ಸುಟ್ಟರೆ, ಮಧ್ಯಮವರ್ಗದ ಮನೆಯಲ್ಲಿ ಇನ್ನೊಂದನ್ನು ಕೇಳುವ ಧೈರ್ಯ ಯಾವ ಮಗುವಿಗೂ ಬರುವುದಿಲ್ಲ.

ಹಜಾರ ಈಗ ಮಕ್ಕಳಿಗೆ ಸಾಲದಾಗಿದೆ. ಭಾನುವಾರ ಎರಡು ಗಂಟೆ ಸಭಾಂಗಣ ಕೊಡಿ ಎಂದು ಮೇಷ್ಟ್ರು ಹತ್ತಿರದ ಶಾಲೆಯೊಂದನ್ನು ಕೇಳಿದ್ದಾರೆ. ಡ್ರೋನ್ ಎಂದ ಕೂಡಲೇ ಎದುರಿನವರ ಮುಖ ಬದಲಾಯಿತಂತೆ. ಆಡಳಿತ ಮಂಡಳಿಯ ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ, ಎಲ್ಲರಿಗಿಂತ ಚೆನ್ನಾಗಿ ಹಾರಿಸುತ್ತಿದ್ದ ಹುಡುಗ ಹತ್ತನೇ ತರಗತಿಗೆ ಬಂದಿದ್ದಾನೆ, ಭಾನುವಾರವೂ ಟ್ಯೂಷನ್. ಅವನ ರಿಮೋಟನ್ನು ಮೇಷ್ಟ್ರು ಬೇರೆ ಯಾರಿಗೂ ಕೊಟ್ಟಿಲ್ಲ.