ಸ್ವಸಹಾಯ ಸಂಘಗಳ ಹೊಸ ಮಾರಾಟಗಾರ್ತಿಯರು: ಗಿರಾಕಿಯ ಹುಡುಕಾಟ ಮತ್ತು ಮರುಭೇಟಿ

(ಗ್ರಾಮ ಪಂಚಾಯತ್ ಮಾನ್ಯ ಸದಸ್ಯರ ಅವಗಾಹನೆಗಾಗಿ)

ಉಳಿತಾಯ, ಆಂತರಿಕ ಸಾಲ, ಮರುಪಾವತಿ ಇವುಗಳ ಲೆಕ್ಕವನ್ನು ಸ್ವಸಹಾಯ ಸಂಘಗಳ ಮಹಿಳೆಯರು ಪ್ರತಿ ವಾರದ ಸಭೆಯಲ್ಲಿ ಬರೆದಿಡುತ್ತಾರೆ. ಸಾಲದ ವಿಷಯದಲ್ಲಿ ಬರೆದಿಡುವ ಶಿಸ್ತು ಗದಗ ಜಿಲ್ಲೆಗೆ ಹೊಸತಲ್ಲ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾದದ್ದು 1905ರಲ್ಲಿ. ಆದರೆ ಉತ್ಪನ್ನ ತಯಾರಿಕೆಗೆ ಇಳಿದ ಸಂಘಗಳಲ್ಲಿ ಮಾರಾಟದ ಪುಸ್ತಕ ಸಾಮಾನ್ಯವಾಗಿ ಇರುವುದಿಲ್ಲ. ಎಷ್ಟು ಮಾರಾಟವಾಯಿತು ಎಂಬುದು ದಾಖಲಾಗಿರುತ್ತದೆ, ಯಾರಿಗೆ ಮಾರಾಟವಾಯಿತು ಎಂಬುದು ದಾಖಲಾಗಿರುವುದಿಲ್ಲ. ಸಾಲ ಪಡೆದು ತಂದ ಶೇಂಗಾ ಕಮಟು ಹಿಡಿಯುವುದು, ರೊಟ್ಟಿ ಮಳೆಗಾಲದಲ್ಲಿ ಮೆತ್ತಗಾಗುವುದು, ಕೊನೆಗೆ ಕಂತು ಕಟ್ಟಲು ಸದಸ್ಯೆಯರು ಕೂಲಿಯ ಹಣವನ್ನೇ ತರುವುದು ಬಹುತೇಕ ಈ ಕೊರತೆಯ ಫಲ.

ಬೆಳವಣಕಿಯಲ್ಲಿ ಹತ್ತು ಮಹಿಳೆಯರ ಒಂದು ಸಂಘ ಸಮುದಾಯ ಬಂಡವಾಳ ನಿಧಿಯ ಸಾಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತಯಾರಿಸಲು ತೊಡಗಿದೆ ಎಂದು ಭಾವಿಸೋಣ. ಮಾರುವ ಹೊಣೆ ಇಬ್ಬರ ಮೇಲೆ ಬೀಳುತ್ತದೆ. ಇಬ್ಬರಿಗೂ ಅದು ಹೊಸ ಕೆಲಸ. ಮೊದಲ ದಿನ ಅವರು ಮಾಡುವುದು ಓಣಿಯ ಮನೆಮನೆಗೆ ಹೋಗುವುದು. ಪರಿಚಯದ ಮನೆಗಳಾದ್ದರಿಂದ ಧೈರ್ಯ ಬರುತ್ತದೆ, ದಾಕ್ಷಿಣ್ಯಕ್ಕೆ ಕೆಲವರು ಕೊಳ್ಳುತ್ತಾರೆ, ಎರಡನೆಯ ವಾರ ಯಾರೂ ಕೊಳ್ಳುವುದಿಲ್ಲ. ಕಾರಣ ಸರಳವಾದುದು: ಬೆಳವಣಕಿಯ ಪ್ರತಿ ಮನೆಯಲ್ಲೂ ರೊಟ್ಟಿ ಬಡಿಯುತ್ತಾರೆ, ಚಟ್ನಿ ಕುಟ್ಟುತ್ತಾರೆ. ತನ್ನ ಮನೆಯಲ್ಲೇ ಇರುವ ವಸ್ತುವನ್ನು ಒಬ್ಬರು ಒಮ್ಮೆ ಕೊಳ್ಳಬಹುದು, ಪ್ರತಿ ವಾರ ಕೊಳ್ಳಲಾರರು. ಉತ್ಪನ್ನ ಕೆಟ್ಟದ್ದೆಂದು ಸಂಘದವರು ಕುಗ್ಗುವ ಮೊದಲು ಈ ಮಾತನ್ನು ಅವರಿಗೆ ತಿಳಿಸುವವರು ಬೇಕು.

ಆದ್ದರಿಂದ ಹೊಸ ಮಾರಾಟಗಾರ್ತಿಯ ಮೊದಲ ಕೆಲಸ ಬುಟ್ಟಿ ಹೊರುವುದಲ್ಲ, ಹೆಸರು ಬರೆಯುವುದು. ರೊಟ್ಟಿ ಬೇಕಾಗಿದ್ದರೂ ಮಾಡಿಕೊಳ್ಳಲು ಸಮಯವಿಲ್ಲದವರು ಅಥವಾ ಕೈಯಿಲ್ಲದವರು ಯಾರು ಎಂದು ಸಂಘದ ಸಭೆಯಲ್ಲಿ ಎಲ್ಲರೂ ಕೂಡಿ ನೆನಪಿಸಿಕೊಳ್ಳಬೇಕು. ರೋಣ ಹಾಗೂ ಗದಗಿನ ಖಾನಾವಳಿಗಳು, ಕೋಣೆ ಹಿಡಿದು ಇರುವ ಶಿಕ್ಷಕರು ಮತ್ತು ಬ್ಯಾಂಕ್ ಸಿಬ್ಬಂದಿ, ಇಬ್ಬರೂ ನೌಕರಿಗೆ ಹೋಗುವ ದಂಪತಿಗಳು, ದುಡಿಯಲು ಗೋವಾ ಮತ್ತು ಮಂಗಳೂರಿನ ಕಡೆಗೆ ಹೋದ ಊರಿನ ಕುಟುಂಬಗಳು ಪಟ್ಟಿಯಲ್ಲಿ ಬರುತ್ತಾರೆ. ಕೊನೆಯ ಗುಂಪನ್ನು ಅನೇಕ ಸಂಘಗಳು ಮರೆಯುತ್ತವೆ; ಹಬ್ಬಕ್ಕೆ ಊರಿಗೆ ಬಂದವರು ಮರಳುವಾಗ ಗಂಟು ಕಟ್ಟಿಕೊಂಡು ಒಯ್ಯುವುದೇ ರೊಟ್ಟಿ, ಚಟ್ನಿ, ಉಂಡಿಗಳನ್ನು. ಮುಂಗಾರಿನ ಹೆಸರು ಕೀಳುವ ದಿನಗಳಲ್ಲಂತೂ ಊರಿನ ರೈತ ಮನೆಯ ಹೆಂಗಸರಿಗೇ ಬಿಡುವು ಇರುವುದಿಲ್ಲ, ಆ ಎರಡು ಮೂರು ವಾರ ಮಾತ್ರ ಬೆಳವಣಕಿಯೂ ಪಟ್ಟಿಗೆ ಸೇರುತ್ತದೆ. ನಾಗರ ಪಂಚಮಿಯ ಉಂಡಿಗೆ ಹಬ್ಬದ ವಾರದಲ್ಲಿ ಕೇಳಿದರೆ ತಡವಾಯಿತು; ಆಷಾಢದಲ್ಲೇ ಕೇಳಿ ಬರೆದುಕೊಳ್ಳಬೇಕು.

ಮದುವೆಗಳ ವಿಷಯ ಪ್ರತ್ಯೇಕವಾಗಿ ಹೇಳತಕ್ಕದ್ದು. ಒಂದು ಮದುವೆಗೆ ನೂರಾರು ರೊಟ್ಟಿ ಬೇಕಾಗುತ್ತದೆ, ಅಂದರೆ ಒಂದು ಮನೆಯ ಬೇಡಿಕೆ ಇಡೀ ಓಣಿಯ ಬೇಡಿಕೆಗಿಂತ ದೊಡ್ಡದು. ಆದರೆ ಲಗ್ನಪತ್ರಿಕೆ ಕೈಗೆ ಬಂದ ಮೇಲೆ ಹೋದರೆ ಅಡುಗೆಯ ವ್ಯವಸ್ಥೆ ಮುಗಿದಿರುತ್ತದೆ. ನಿಶ್ಚಯಕ್ಕೂ ಪತ್ರಿಕೆಗೂ ನಡುವಿನ ದಿನಗಳಲ್ಲಿ ಆ ಮನೆಯನ್ನು ಮುಟ್ಟಬೇಕು. ಸುದ್ದಿ ಮೊದಲು ತಿಳಿಯುವುದು ಪತ್ರಿಕೆ ಅಚ್ಚು ಹಾಕುವವರಿಗೆ, ಶಾಮಿಯಾನದವರಿಗೆ ಮತ್ತು ಅಡುಗೆ ಭಟ್ಟರಿಗೆ. ಈ ಮೂವರೊಡನೆ ಒಳ್ಳೆಯ ಮಾತಿಟ್ಟುಕೊಂಡ ಮಾರಾಟಗಾರ್ತಿ ಊರೂರು ತಿರುಗಬೇಕಾಗಿಲ್ಲ.

ಹೋಗುವ ಹೊತ್ತೂ ಮುಖ್ಯ. ಖಾನಾವಳಿಯ ಮಾಲೀಕರನ್ನು ಮಧ್ಯಾಹ್ನ ಒಂದು ಗಂಟೆಗೆ ಕಂಡರೆ ಅವರು ಮುಖ ಎತ್ತುವುದಿಲ್ಲ. ಊಟದ ಗದ್ದಲ ಇಳಿದ ನಾಲ್ಕು ಗಂಟೆಗೆ ಕಂಡರೆ ಕುಳಿತು ಮಾತನಾಡುತ್ತಾರೆ. ಮೊದಲ ಭೇಟಿಯಲ್ಲಿ ನಾಲ್ಕು ರೊಟ್ಟಿ, ಒಂದು ಹಿಡಿ ಚಟ್ನಿ ಮಾದರಿಗೆ ಕೊಟ್ಟು, ದರ ಹೇಳಿ, ದಿನಕ್ಕೆ ಎಷ್ಟು ಬೇಕಾಗುತ್ತದೆ, ಈಗ ಯಾರಿಂದ ಬರುತ್ತಿದೆ, ಅದರಲ್ಲಿ ಏನು ತೊಂದರೆ ಎಂದು ಕೇಳಿ ಎದ್ದು ಬಂದರೆ ಸಾಕು. ಸಂಘದ ಕಷ್ಟ ಹೇಳಿಕೊಂಡು ಕೊಳ್ಳುವಂತೆ ಒತ್ತಾಯಿಸುವುದು ಬೇಡ. ಕನಿಕರಕ್ಕೆ ಕೊಂಡವರು ಒಮ್ಮೆ ಮಾತ್ರ ಕೊಳ್ಳುತ್ತಾರೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಗಿರಾಕಿಗಳು ಕೈತಪ್ಪುವ ಹಂತ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದವರಿಗೆ ‘ಬ್ಯಾಡ’ ಎನ್ನುವವರು ಕಡಿಮೆ, ‘ನೋಡೂಣು ತಗೋರಿ’ ಎನ್ನುವವರೇ ಹೆಚ್ಚು. ಹೊಸಬರು ಇದನ್ನು ಕೇಳಿದೊಡನೆ ನಿರಾಕರಣೆ ಎಂದುಕೊಂಡು ಮತ್ತೆ ಆ ಕಡೆ ಹೋಗುವುದಿಲ್ಲ. ಇಲ್ಲವೇ ಒಪ್ಪಿಗೆ ಎಂದುಕೊಂಡು ಸರಕು ತಯಾರಿಸಿ ಕಾಯುತ್ತಾರೆ. ಎರಡೂ ತಪ್ಪು. ಈ ಒಂದು ಮಾತಿಗೆ ಕನಿಷ್ಠ ಮೂರು ಅರ್ಥಗಳಿವೆ. ಕೊಳ್ಳುವ ಮನಸ್ಸಿದೆ, ಮನೆಯ ಹಿರಿಯರನ್ನೋ ಪಾಲುದಾರರನ್ನೋ ಕೇಳಬೇಕು ಎಂಬುದು ಒಂದು. ಈಗಿನ ಸರಕು ಮುಗಿಯಲಿ ಎಂಬುದು ಇನ್ನೊಂದು. ಬೇಡವೆಂದು ಮುಖದ ಮೇಲೆ ಹೇಳಲು ಸಂಕೋಚ ಎಂಬುದು ಮೂರನೆಯದು. ಯಾವುದೆಂದು ತಿಳಿಯಲು ಇರುವ ಉಪಾಯ ಒಂದೇ, ‘ಹಂಗಾದ್ರ ಯಾವಾಗ ಬರ್ಲಿ ಅಣ್ಣಾರ, ಸೋಮವಾರ ಬರ್ಲ್ಯಾ?’ ಎಂದು ದಿನ ಕೇಳುವುದು. ಮೊದಲ ಬಗೆಯವರು ದಿನ ಹೇಳುತ್ತಾರೆ. ಎರಡನೆಯವರು ‘ಹದಿನೈದು ದಿನ ಬಿಟ್ಟು ಬಾರವ್ವ’ ಎನ್ನುತ್ತಾರೆ. ಮೂರನೆಯವರು ಮಾತು ಬೇರೆ ಕಡೆ ತಿರುಗಿಸುತ್ತಾರೆ. ಅವರನ್ನು ಮತ್ತೆ ಕಾಡದೆ ಬಿಡುವುದು ಮರ್ಯಾದೆ.

ಹೇಳಿದ ದಿನಕ್ಕೆ ತಪ್ಪದೆ ಹೋಗಲು ಪುಸ್ತಕ ಬೇಕು. ಇನ್ನೂರು ಪುಟದ ಸಾಮಾನ್ಯ ನೋಟುಬುಕ್ಕು ಸಾಕು. ಹೆಸರು, ಊರು, ಮೊಬೈಲ್ ಸಂಖ್ಯೆ, ಮೊದಲು ಕಂಡ ದಿನ, ಅವರು ಹೇಳಿದ ಮಾತು, ಮತ್ತೆ ಹೋಗಬೇಕಾದ ದಿನ ಎಂದು ಗೆರೆ ಹಾಕಿಕೊಳ್ಳಬೇಕು. ‘ಅವರು ಹೇಳಿದ ಮಾತು’ ಎಂಬ ಕಾಲಂ ಬಿಡಬಾರದು. ‘ಖಾರ ಕಡಿಮೆ ಬೇಕು’, ‘ಮಗಳ ಲಗ್ನ ವೈಶಾಖದಲ್ಲಿ’, ‘ರೊಟ್ಟಿ ತೆಳ್ಳಗಿರಲಿ’ ಎಂಬಂಥ ಎರಡು ಮೂರು ಪದಗಳು ಮುಂದಿನ ಭೇಟಿಗೆ ದಾರಿ ತೆರೆಯುತ್ತವೆ.

ಒಮ್ಮೆ ಕೊಂಡವರನ್ನು ಮತ್ತೆ ಕಾಣುವುದು ಹೊಸಬರಿಗೆ ನಾಚಿಕೆಯ ಕೆಲಸವೆನಿಸುತ್ತದೆ. ‘ಯಕ್ಕಾ, ಹ್ವಾದ ವಾರದ ಚಟ್ನಿ ಹೆಂಗಾಗಿತ್ತ್ರೀ, ಖಾರ ಹೆಚ್ಚಾತೇನ್ರಿ?’ ಎಂದು ಮೂರು ನಾಲ್ಕು ದಿನದೊಳಗೆ ಕೇಳಿದರೆ ಅದು ಮಾರಾಟದ ಮಾತಾಗುವುದಿಲ್ಲ, ವಿಚಾರಿಸುವ ಮಾತಾಗುತ್ತದೆ. ದೂರಿದ್ದರೆ ಆಗಲೇ ತಿಳಿಯುತ್ತದೆ. ಸರಕು ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಹೋಗಬೇಕು, ಕಾಲು ಕೆ.ಜಿ. ಚಟ್ನಿ ಒಂದು ಮನೆಗೆ ಎಷ್ಟು ದಿನ ಬರುತ್ತದೆಂಬುದು ಮಾರುವವರಿಗೂ ಗೊತ್ತಿರುವ ಲೆಕ್ಕವೇ. ಹಿಂದೆ ಬಸ್ಸಿನ ದರವೇ ಲಾಭವನ್ನು ನುಂಗುತ್ತಿದ್ದುದರಿಂದ ಬರಿಗೈಯಲ್ಲಿ ಹೋಗಿ ವಿಚಾರಿಸಿ ಬರುವುದು ದುಬಾರಿಯಾಗಿತ್ತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಆ ಖರ್ಚು ಇಲ್ಲ. ಮೊಬೈಲ್ ಸಂದೇಶವೂ ಉಪಯುಕ್ತವೇ. ಆದರೆ ಪ್ರತಿದಿನ ಬೆಳಿಗ್ಗೆ ಚಟ್ನಿಯ ಚಿತ್ರ ಕಳಿಸುವವರ ಸಂದೇಶವನ್ನು ಯಾರೂ ತೆರೆಯುವುದಿಲ್ಲ.

ಉದ್ರಿಯ ವಿಷಯದಲ್ಲಿ ಸಂಘಗಳು ಲೆಕ್ಕ ಹಾಕಿ ನೋಡಬೇಕು. ಒಂದು ಕೆ.ಜಿ. ಚಟ್ನಿಗೆ ತಗಲುವ ವೆಚ್ಚ 200 ರೂಪಾಯಿ, ಮಾರುವ ದರ 240 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಕೆ.ಜಿ.ಯ ಹಣ ಮುಳುಗಿದರೆ ಐದು ಕೆ.ಜಿ. ಮಾರಿದ ಲಾಭ ಹೋದಂತಾಯಿತು. ಖಾನಾವಳಿಗಳು ನಿತ್ಯದ ಸರಕಿಗೆ ವಾರದ ಲೆಕ್ಕ ಕೇಳುವುದು ಸಹಜ, ಅದಕ್ಕೆ ಒಪ್ಪಬಹುದು. ಹಿಂದಿನ ವಾರದ ಹಣ ಬಾರದೆ ಮುಂದಿನ ವಾರದ ಸರಕು ಇಳಿಸಬಾರದು. ವಸೂಲಿಗೆ ಹೋಗುವ ದಿನವನ್ನೂ ಅದೇ ಪುಸ್ತಕದಲ್ಲಿ ಬರೆಯುವುದು ಒಳ್ಳೆಯದು.

ಇದರಲ್ಲಿ ಗ್ರಾಮ ಪಂಚಾಯತ್ ಸದಸ್ಯರ ಪಾತ್ರ ಏನು? ಸದಸ್ಯ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿದ್ದು, ಸ್ವಸಹಾಯ ಸಂಘದಿಂದಲೇ ಬಂದ ಸದಸ್ಯೆಯರಿಗೆ ಈ ಕಷ್ಟ ಹೊಸತಲ್ಲ. ಸದಸ್ಯರಿಗೆ ಹೊರಗಿನ ಪರಿಚಯ ಹೆಚ್ಚು. ಮೊದಲ ಭೇಟಿಗೆ ‘ಇವರು ನಮ್ಮೂರಿನ ಸಂಘದವರು’ ಎಂಬ ಒಂದು ಫೋನ್ ಕರೆ ಬಾಗಿಲು ತೆರೆಸುತ್ತದೆ. ಅಷ್ಟಕ್ಕೇ ನಿಲ್ಲಿಸುವುದು ಲೇಸು. ಸದಸ್ಯರ ಮುಖ ನೋಡಿ ಕೊಂಡ ಅಂಗಡಿಯವರು ಮಾರಾಟಗಾರ್ತಿಯನ್ನು ಗಿರಾಕಿಯಾಗಿ ಅಲ್ಲ, ವಂತಿಗೆ ಕೊಟ್ಟವರಾಗಿ ಕಾಣುತ್ತಾರೆ. ತಮ್ಮ ಮನೆಯವರ ಸಂಘಕ್ಕೆ ಮಾತ್ರ ಪರಿಚಯ ಒದಗಿಸುವುದೂ ಸಲ್ಲದು.

ಸಂತೆ, ಜಾತ್ರೆಗಳ ವ್ಯವಸ್ಥೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ಪಂಚಾಯತಿಯ ಕಾರ್ಯಗಳಲ್ಲಿ ಸೇರಿದೆ. ಸಂಘಗಳಿಗೆ ಪ್ರತಿ ವಾರವೂ ಅದೇ ಜಾಗ ದೊರೆಯುವಂತೆ ನೋಡಿಕೊಂಡರೆ, ಹೋದ ವಾರ ಕೊಂಡವರು ಈ ವಾರ ಹುಡುಕಿಕೊಂಡು ಬರುತ್ತಾರೆ. ಜಾಗ ಬದಲಾದರೆ ಬರುವುದಿಲ್ಲ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು, ತಯಾರಕರ ವಿಳಾಸ ಇಲ್ಲದಿದ್ದರೆ ಪಟ್ಟಣದ ಅಂಗಡಿಯವರು ಸರಕು ಇಟ್ಟುಕೊಳ್ಳಲು ಹಿಂಜರಿಯುತ್ತಾರೆ. ಇದಕ್ಕೆ ಒಕ್ಕೂಟದ ಮೂಲಕ ಒಂದೇ ದಿನ ಎಲ್ಲ ಸಂಘಗಳ ನೋಂದಣಿ ಮಾಡಿಸಬಹುದು. ಯಂತ್ರ ಕೊಳ್ಳುವ ಹಂತಕ್ಕೆ ಬಂದ ಸಂಘಗಳಿಗೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಶೇ. 35ರ ಸಹಾಯಧನವಿದೆ. ಆದರೆ ಗಿರಾಕಿಗಳ ಪುಸ್ತಕ ತುಂಬದೆ ಯಂತ್ರ ತಂದ ಸಂಘಕ್ಕೆ ಸಾಲ ಮಾತ್ರ ಹೆಚ್ಚುತ್ತದೆ.

ಒಕ್ಕೂಟದ ಸಭೆಗೆ ಹೋದ ಸದಸ್ಯರು ‘ಈ ತಿಂಗಳು ಎಷ್ಟು ಮಾರಿದಿರಿ’ ಎಂದು ಕೇಳುವ ಬದಲು ಪುಸ್ತಕ ತರಿಸಿ, ಹೊಸದಾಗಿ ಬರೆದ ಹೆಸರುಗಳೆಷ್ಟು, ಮತ್ತೆ ಹೋಗಬೇಕಾದ ದಿನ ದಾಟಿದ ಹೆಸರುಗಳೆಷ್ಟು ಎಂದು ನೋಡುವುದು ಹೆಚ್ಚು ಪ್ರಯೋಜನಕಾರಿ. ಪುಸ್ತಕ ಮಾರಾಟಗಾರ್ತಿಯದಲ್ಲ, ಸಂಘದ್ದು. ಆಕೆ ಮದುವೆಯಾಗಿ ಹೋದಾಗ, ಬಾಣಂತನಕ್ಕೆ ತವರಿಗೆ ಹೋದಾಗ ಅಥವಾ ದುಡಿಯಲು ಕುಟುಂಬದೊಡನೆ ಊರು ಬಿಟ್ಟಾಗ ಹೊಸಬಳನ್ನು ಕರೆದುಕೊಂಡು ಒಂದು ವಾರ ಗಿರಾಕಿಗಳ ಮನೆಗೆ ಹೋಗಿ ಪರಿಚಯಿಸಿ, ಪುಸ್ತಕವನ್ನು ಸಭೆಯಲ್ಲಿ ಒಪ್ಪಿಸುವಂತೆ ಸಂಘವು ಮೊದಲೇ ಠರಾವು ಮಾಡಿಟ್ಟುಕೊಳ್ಳತಕ್ಕದ್ದು.