ಬಹುನಗರ ರೈಲು ಪ್ರವಾಸ

ಬಹುನಗರ ರೈಲು ಪ್ರವಾಸವು ವಿದೇಶದ ಎರಡು ಅಥವಾ ಮೂರು ನಗರಗಳಲ್ಲಿ ಮಾತ್ರ ರಾತ್ರಿ ತಂಗಿ, ಅಲ್ಲಿಂದ ಸುತ್ತಲಿನ ಊರುಗಳಿಗೆ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆಗೆ ಮರಳುವ ಪ್ರವಾಸ ಕ್ರಮವಾಗಿದೆ. ರಾತ್ರಿ ತಂಗುವ ಊರನ್ನು ಈ ಲೇಖನದಲ್ಲಿ ತಂಗುನಗರ ಎಂದು ಕರೆಯಲಾಗಿದೆ. ರೈಲುಗಳು ದಟ್ಟವಾಗಿ ಸಂಚರಿಸುವ ಪಶ್ಚಿಮ ಯುರೋಪ್ ಮತ್ತು ಜಪಾನ್ ದೇಶಗಳಿಗೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ. ಪ್ರವಾಸವನ್ನು ಯೋಜಿಸುವಾಗ ನೋಡಬೇಕಾದ ನಗರಗಳ ಸಂಖ್ಯೆಗಿಂತ ತಂಗುವ ರಾತ್ರಿಗಳ ಹಂಚಿಕೆಯನ್ನು ಮೊದಲು ನಿರ್ಧರಿಸುವುದು ಇದರ ಮೂಲತತ್ತ್ವ. ವೀಸಾ ಅರ್ಜಿ, ಖರ್ಚು, ದೇಹದ ಆಯಾಸ ಈ ಮೂರೂ ಆ ಹಂಚಿಕೆಯನ್ನೇ ಅವಲಂಬಿಸಿರುತ್ತವೆ.

ಸ್ವರೂಪ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಕುಟುಂಬವೊಂದು ಮೈಸೂರಿನಲ್ಲಿ ಮೂರು ರಾತ್ರಿ ತಂಗಿದೆಯೆಂದು ಭಾವಿಸಬಹುದು. ಒಂದು ದಿನ ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ, ಮರುದಿನ ನಂಜನಗೂಡಿಗೆ ಹೋಗಿ ಸಂಜೆಗೆ ಮೈಸೂರಿಗೆ ಮರಳಿದರೆ ಅದೇ ತಂಗುನಗರ ಕ್ರಮ. ಪೆಟ್ಟಿಗೆಗಳು ಕೊಠಡಿಯಲ್ಲೇ ಉಳಿಯುತ್ತವೆ. ಮಳೆ ಬಂದರೆ ಅಥವಾ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಆ ದಿನದ ಪ್ರಯಾಣವನ್ನು ಮುಂದೂಡಬಹುದು. ಪ್ರತಿ ರಾತ್ರಿ ಹೊಸ ಊರಿನಲ್ಲಿ ಕೊಠಡಿ ಹಿಡಿದವರಿಗೆ ಈ ಸೌಲಭ್ಯ ಇರುವುದಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ರೈಲು ಮಾರ್ಗವಿಲ್ಲ. ಮೈಸೂರಿನಿಂದ ನಂಜನಗೂಡಿನ ಮೂಲಕ ಬರುವ ಮಾರ್ಗವು ಚಾಮರಾಜನಗರದಲ್ಲಿ ಕೊನೆಗೊಳ್ಳುತ್ತದೆ. ಬಸ್ಸಿನ ಪ್ರಯಾಣಕ್ಕೆ ಒಗ್ಗಿಕೊಂಡ ಈ ಭಾಗದವರು ವಿದೇಶಕ್ಕೆ ಹೊರಡುವ ಮುನ್ನ ಮೈಸೂರನ್ನು ತಂಗುನಗರವಾಗಿಸಿಕೊಂಡು ಇಂತಹ ಒಂದು ಪುಟ್ಟ ಪ್ರವಾಸ ಮಾಡುವುದು ಒಳ್ಳೆಯ ಅಭ್ಯಾಸವಾಗುತ್ತದೆ. ದಿನಕ್ಕೆ ಎಷ್ಟು ನಡೆಯಬಲ್ಲೆವು, ಎಷ್ಟು ಭಾರ ಹೊರಬಲ್ಲೆವು ಎಂಬುದು ಅದರಿಂದ ತಿಳಿಯುತ್ತದೆ.

ರಾತ್ರಿಗಳ ಹಂಚಿಕೆ

ಒಂದು ತಂಗುನಗರದಿಂದ ಇನ್ನೊಂದಕ್ಕೆ ಸಾಗಲು ರೈಲಿನ ಅವಧಿ ಎರಡೇ ಗಂಟೆ ಇದ್ದರೂ, ಸಾಮಾನು ಕಟ್ಟುವುದು, ಕೊಠಡಿ ತೆರವು ಮಾಡುವುದು, ನಿಲ್ದಾಣ ತಲುಪುವುದು, ಹೊಸ ಊರಿನಲ್ಲಿ ವಸತಿ ಹುಡುಕುವುದು ಇವೆಲ್ಲ ಸೇರಿ ಅರ್ಧ ದಿನ ಕಳೆಯುತ್ತದೆ. ಏಳು ನಗರಗಳಲ್ಲಿ ತಂಗುವವರು ಆರು ಬಾರಿ ಸ್ಥಳ ಬದಲಿಸಬೇಕು. ಅಂದರೆ ಮೂರು ಪೂರ್ಣ ದಿನಗಳು ಸಾಮಾನಿನೊಂದಿಗೇ ಕಳೆದಂತೆ. ಮೂರು ತಂಗುನಗರಗಳಾದರೆ ಎರಡೇ ಬದಲಾವಣೆ ಸಾಕು.

ಇಳಿಯುವ ನಗರ ಮತ್ತು ಮರಳಿ ಹೊರಡುವ ನಗರ ಬೇರೆ ಬೇರೆಯಾಗಿದ್ದರೆ ಬಂದ ದಾರಿಯಲ್ಲೇ ಹಿಂದಿರುಗುವ ಶ್ರಮ ತಪ್ಪುತ್ತದೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಮತ್ತು ಪ್ಯಾರಿಸ್ ನಗರಗಳಿಗೆ ನೇರ ವಿಮಾನಗಳಿವೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು ಪ್ಯಾರಿಸಿನಿಂದ ಮರಳುವ ಹನ್ನೆರಡು ರಾತ್ರಿಗಳ ಯೋಜನೆಯೊಂದನ್ನು ಉದಾಹರಣೆಯಾಗಿ ನೋಡಬಹುದು.

ಆಮ್‌ಸ್ಟರ್‌ಡ್ಯಾಮ್, 4 ರಾತ್ರಿ: ಹಾರ್ಲೆಮ್ ಇಪ್ಪತ್ತು ನಿಮಿಷದೊಳಗಿನ ಪ್ರಯಾಣ. ಲೈಡನ್ ಸುಮಾರು 35 ನಿಮಿಷ. ಅಲ್ಲಿನ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1575ರಲ್ಲಿ.

ಬ್ರಸೆಲ್ಸ್, 3 ರಾತ್ರಿ: ಗೆಂಟ್ ಸುಮಾರು ಅರ್ಧ ಗಂಟೆ, ಬ್ರೂಜ್ ಸುಮಾರು ಒಂದು ಗಂಟೆ. ಗೆಂಟ್ ನಗರದ ಸಂತ ಬಾವೊ ದೇವಾಲಯದಲ್ಲಿ ವಾನ್ ಐಕ್ ಸಹೋದರರು ರಚಿಸಿ 1432ರಲ್ಲಿ ಪೂರ್ಣಗೊಂಡ ಪ್ರಸಿದ್ಧ ಚಿತ್ರಫಲಕಗಳಿವೆ. ಬ್ರೂಜ್‌ನ ಹಳೆಯ ನಗರಭಾಗವು 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಪ್ಯಾರಿಸ್, 5 ರಾತ್ರಿ: ವರ್ಸೇಲ್ಸ್‌ಗೆ ನಗರ ರೈಲಿನ ಸಿ ಮಾರ್ಗದಲ್ಲಿ ಸುಮಾರು 40 ನಿಮಿಷ. ಶಾರ್ಟ್ರ್ ಪಟ್ಟಣಕ್ಕೆ ಮೊಂಪಾರ್ನಾಸ್ ನಿಲ್ದಾಣದಿಂದ ಒಂದು ಗಂಟೆಗಿಂತ ತುಸು ಹೆಚ್ಚು.

ವರ್ಸೇಲ್ಸ್ ಅರಮನೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳು ಹಡಗಿನಲ್ಲಿ ಫ್ರಾನ್ಸಿನ ತೂಲೋಂ ಬಂದರಿಗೆ ತಲುಪಿ, 1788ರ ಆಗಸ್ಟ್ ತಿಂಗಳಲ್ಲಿ ಇದೇ ಅರಮನೆಯಲ್ಲಿ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಶ್ರೀರಂಗಪಟ್ಟಣವನ್ನು ಕಂಡವರಿಗೆ ಈ ಒಂದು ದಿನದ ಪ್ರಯಾಣ ವಿಶೇಷ ಅರ್ಥವನ್ನು ಕೊಡುತ್ತದೆ.

ದಿನದ ಪ್ರವಾಸಗಳನ್ನು ನಿರ್ಧರಿಸುವಾಗ ವಾರದ ರಜೆಯನ್ನು ಗಮನಿಸಬೇಕು. ವರ್ಸೇಲ್ಸ್ ಅರಮನೆ ಸೋಮವಾರ, ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತವೆ. ಪ್ರತಿ ತಂಗುನಗರದಲ್ಲೂ ಕನಿಷ್ಠ ಒಂದು ದಿನವನ್ನು ಯಾವ ಕಾರ್ಯಕ್ರಮವೂ ಇಲ್ಲದೆ ಬಿಡುವುದು ಹಿರಿಯ ವಯಸ್ಸಿನವರಿಗೆ ಅವಶ್ಯಕ.

ಪಾಸ್‌ಪೋರ್ಟ್ ಮತ್ತು ವೀಸಾ

ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ನೀಡುವ ವ್ಯವಸ್ಥೆಯು 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಲೊಕ್ಕನಹಳ್ಳಿಯ ಸಮೀಪದ ಒಡೆಯರಪಾಳ್ಯದಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಪ್ರದೇಶವಿದೆ. ಭಾರತದ ಪೌರತ್ವ ಪಡೆಯದ ಟಿಬೆಟನ್ನರು ಪಾಸ್‌ಪೋರ್ಟಿನ ಬದಲು ಭಾರತ ಸರ್ಕಾರ ನೀಡುವ ಗುರುತಿನ ಪ್ರಮಾಣಪತ್ರದ ಮೇಲೆ ವಿದೇಶ ಪ್ರಯಾಣ ಮಾಡುತ್ತಾರೆ. ಒಂದೇ ಊರಿನ ಸಂತೆಗೆ ಬರುವ ಇಬ್ಬರು ನೆರೆಯವರ ಪ್ರಯಾಣದ ಸಿದ್ಧತೆ ಇಲ್ಲಿಂದಲೇ ಬೇರೆಯಾಗುತ್ತದೆ.

ಮೇಲಿನ ಉದಾಹರಣೆಯ ಮೂರು ದೇಶಗಳೂ ಷೆಂಗೆನ್ ವಲಯಕ್ಕೆ ಸೇರಿವೆ. ಲಕ್ಸೆಂಬರ್ಗಿನ ಷೆಂಗೆನ್ ಗ್ರಾಮದಲ್ಲಿ 1985ರ ಜೂನ್ 14ರಂದು ಆದ ಒಪ್ಪಂದದಿಂದ ಈ ಹೆಸರು ಬಂದಿದೆ. 2025ರ ಆರಂಭಕ್ಕೆ ವಲಯದಲ್ಲಿ 29 ದೇಶಗಳಿದ್ದವು. ಈ ವಲಯದ ಅಲ್ಪಾವಧಿ ವೀಸಾ ಪಡೆದವರು ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಅಲ್ಲಿ ಇರುವಂತಿಲ್ಲ. ವೀಸಾದಲ್ಲಿ ನಮೂದಿಸಿದ ದಿನಗಳು ಇದಕ್ಕಿಂತ ಕಡಿಮೆ ಇರಬಹುದು. ಮುಖ್ಯ ನಿಯಮಗಳು ಹೀಗಿವೆ:

1. ಪ್ರವಾಸದ ಉದ್ದೇಶ ಎಲ್ಲೆಡೆ ಒಂದೇ ಆಗಿದ್ದರೆ, ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ದಿನಗಳು ಸಮವಾಗಿದ್ದರೆ ಮೊದಲು ಪ್ರವೇಶಿಸುವ ದೇಶಕ್ಕೆ ಸಲ್ಲಿಸಬೇಕು. ಮೇಲಿನ ಯೋಜನೆಯಲ್ಲಿ ಇಳಿಯುವುದು ನೆದರ್‌ಲ್ಯಾಂಡ್ಸ್‌ನಲ್ಲಾದರೂ ಅರ್ಜಿ ಹೋಗಬೇಕಾದುದು ಫ್ರಾನ್ಸಿಗೆ.
2. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಸಲ್ಲಿಸುವಂತಿಲ್ಲ. 15 ದಿನಗಳಿಗಿಂತ ತಡವಾಗಬಾರದು.
3. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಇರಬೇಕು.
4. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿದ್ದು, ವಲಯವನ್ನು ಬಿಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಎರಡು ಖಾಲಿ ಪುಟಗಳೂ ಬೇಕು.

ವೀಸಾ ನಿರಾಕರಣೆಯಾದರೆ ಶುಲ್ಕ ಹಿಂದಿರುಗುವುದಿಲ್ಲ. ಆದುದರಿಂದ ವಿಮಾನ ಮತ್ತು ವಸತಿಯನ್ನು ರದ್ದುಪಡಿಸಿದರೆ ಹಣ ಮರಳುವ ಷರತ್ತಿನಲ್ಲಿ ಕಾಯ್ದಿರಿಸುವುದು ಕ್ಷೇಮಕರ. ನಿವೃತ್ತಿ ವೇಳೆ ದೊರೆತ ಹಣದಲ್ಲಿ ಒಮ್ಮೆ ಮಾತ್ರ ಹೊರಡುವವರಿಗೆ ಇದು ಸಣ್ಣ ವಿಷಯವಲ್ಲ. ಅರ್ಜಿಯಲ್ಲಿ ಬರೆದ ರಾತ್ರಿಗಳು ಮತ್ತು ವಸತಿ ಪತ್ರಗಳಲ್ಲಿನ ದಿನಾಂಕಗಳು ಒಂದಕ್ಕೊಂದು ಹೊಂದಬೇಕು.

ಬ್ರಿಟನ್ ಈ ವಲಯದಲ್ಲಿಲ್ಲ. ಪ್ಯಾರಿಸಿನಿಂದ ಲಂಡನ್ನಿಗೆ ಒಂದೇ ದಿನದಲ್ಲಿ ಹೋಗಿಬರುವ ರೈಲುಗಳಿದ್ದರೂ, ಅದಕ್ಕೆ ಪ್ರತ್ಯೇಕ ಬ್ರಿಟಿಷ್ ವೀಸಾ ಬೇಕು. ಜೊತೆಗೆ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅನುಮತಿ ನೀಡುವಂತಿರಬೇಕು. ಇಲ್ಲವಾದರೆ ಪ್ಯಾರಿಸಿನ ಕೊಠಡಿಗೆ ಮರಳಲಾಗದು.

ರೈಲು ಪಾಸ್ ಮತ್ತು ಬಿಡಿ ಟಿಕೆಟ್

ಯುರೋಪಿನ ಹೊರಗಿನ ನಿವಾಸಿಗಳಿಗೆ ಯೂರೈಲ್ ಪಾಸ್ ದೊರೆಯುತ್ತದೆ. ಇದರ ಒಂದು ಬಗೆಯಲ್ಲಿ ಎರಡು ತಿಂಗಳೊಳಗೆ ಆಯ್ದ ನಿರ್ದಿಷ್ಟ ಸಂಖ್ಯೆಯ ದಿನಗಳಲ್ಲಿ, ದಿನಕ್ಕೆ ಎಷ್ಟು ರೈಲುಗಳನ್ನಾದರೂ ಹತ್ತಬಹುದು. ಆದರೆ ಪಾಸ್ ಇದ್ದ ಮಾತ್ರಕ್ಕೆ ಎಲ್ಲ ರೈಲುಗಳಲ್ಲೂ ಆಸನ ಸಿಗುವುದಿಲ್ಲ. ಫ್ರಾನ್ಸಿನ ವೇಗದ ರೈಲುಗಳಲ್ಲಿ ಮತ್ತು ಯೂರೋಸ್ಟಾರ್‌ನಲ್ಲಿ ಹಣ ತೆತ್ತು ಆಸನ ಕಾಯ್ದಿರಿಸುವುದು ಕಡ್ಡಾಯ.

ತಂಗುನಗರ ಕ್ರಮದಲ್ಲಿ ದೂರದ ಪ್ರಯಾಣಗಳು ಕಡಿಮೆ. ಮೇಲಿನ ಯೋಜನೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಬ್ರಸೆಲ್ಸ್, ಬ್ರಸೆಲ್ಸ್‌ನಿಂದ ಪ್ಯಾರಿಸ್ ಎಂಬ ಎರಡೇ ದೂರದ ಪ್ರಯಾಣಗಳಿವೆ. ಎರಡನೆಯದು ಸುಮಾರು ಒಂದೂವರೆ ಗಂಟೆಯದು. ಇವೆರಡಕ್ಕೆ ಮುಂಗಡ ಟಿಕೆಟ್ ಕೊಂಡು, ಹತ್ತಿರದ ಊರುಗಳಿಗೆ ಆಯಾ ದಿನವೇ ಟಿಕೆಟ್ ಪಡೆಯುವುದು ಸಾಮಾನ್ಯವಾಗಿ ಪಾಸಿಗಿಂತ ಅಗ್ಗ. ಯೂರೋಸ್ಟಾರ್ ದರ ದಿನ ಹತ್ತಿರವಾದಂತೆ ಏರುತ್ತದೆ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಸಾಧಾರಣ ಟಿಕೆಟ್ ದರವೇ ಹೆಚ್ಚಿರುವುದರಿಂದ, ರೈಲು, ಬಸ್ಸು, ದೋಣಿ ಮೂರಕ್ಕೂ ಸಲ್ಲುವ ಅಲ್ಲಿನ ಪಾಸ್ ದಿನವೂ ತಿರುಗಾಡುವವರಿಗೆ ಲಾಭದಾಯಕವಾಗಬಹುದು.

ನಿಲ್ದಾಣದ ರೂಢಿಗಳು

ನೆದರ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತೋರಿಸಿ ರೈಲು ಹತ್ತುವ ವ್ಯವಸ್ಥೆಯಿದೆ. ಇಳಿದ ನಿಲ್ದಾಣದಲ್ಲಿ ಅದೇ ಕಾರ್ಡನ್ನು ಮತ್ತೆ ತೋರಿಸಲು ಮರೆತರೆ ಹೆಚ್ಚು ಹಣ ಕಡಿತವಾಗುತ್ತದೆ. ಇಟಲಿಯ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ದಂಡ ತೆರಬೇಕಾಗುತ್ತದೆ. ದೊಡ್ಡ ನಗರಗಳಲ್ಲಿ ಹಲವು ನಿಲ್ದಾಣಗಳಿರುವುದರಿಂದ ಟಿಕೆಟ್ಟಿನಲ್ಲಿ ನಗರದ ಹೆಸರಿನ ಜೊತೆಗೆ ನಿಲ್ದಾಣದ ಹೆಸರನ್ನೂ ಓದಿಕೊಳ್ಳಬೇಕು. ರೈಲಿನ ಮೆಟ್ಟಿಲುಗಳಲ್ಲಿ ಸಾಮಾನನ್ನು ಪ್ರಯಾಣಿಕರೇ ಎತ್ತಿಡಬೇಕಾದ್ದರಿಂದ ತಾವೇ ಎತ್ತಬಲ್ಲಷ್ಟು ಭಾರದ ಒಂದೇ ಪೆಟ್ಟಿಗೆ ಸಾಕು.

ಮಿತಿಗಳು

ದೂರ ದೂರದ ಸ್ಥಳಗಳನ್ನು ಒಂದೇ ಪ್ರವಾಸದಲ್ಲಿ ನೋಡಬಯಸುವವರಿಗೆ ಈ ಕ್ರಮ ಹೊಂದುವುದಿಲ್ಲ. ಹೋಗಿಬರುವ ಪ್ರಯಾಣ ಒಟ್ಟು ಮೂರು ಗಂಟೆಗಳನ್ನು ಮೀರಿದರೆ ದಿನದ ಪ್ರವಾಸ ಆಯಾಸಕರವಾಗುತ್ತದೆ. ಅಂತಹ ಊರಿನಲ್ಲಿ ಒಂದು ರಾತ್ರಿ ತಂಗುವುದೇ ಮೇಲು. ರೈಲು ನೌಕರರ ಮುಷ್ಕರ ಮತ್ತು ಮಾರ್ಗ ದುರಸ್ತಿಯಿಂದ ಸಂಚಾರ ರದ್ದಾಗುವುದೂ ಉಂಟು. ಮರಳುವ ವಿಮಾನವಿರುವ ನಗರಕ್ಕೆ ಕನಿಷ್ಠ ಒಂದು ದಿನ ಮೊದಲೇ ತಲುಪಿರುವುದು ಇದಕ್ಕೆ ಪರಿಹಾರ. ಈ ಕಾರಣದಿಂದಲೇ ಮೇಲಿನ ಯೋಜನೆಯಲ್ಲಿ ಅತಿ ಹೆಚ್ಚು ರಾತ್ರಿಗಳನ್ನು ಕೊನೆಯ ತಂಗುನಗರಕ್ಕೆ ಇಡಲಾಗಿದೆ.